ಮೊದಲ ರೈತರ ಹೊಲ ಹುಡುಕುವುದು ಹೇಗೆ?

ಗೋಕಾಕ ತಾಲ್ಲೂಕಿನ ಕೊಣ್ಣೂರಿನ ಬಳಿ ದೊಡ್ಡ ಕಲ್ಲುಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ ಕಟ್ಟಿದ ಕಲ್ಮನೆ ಗೋರಿಗಳಿವೆ. ಬ್ರಿಟಿಷರ ಕಾಲದಿಂದಲೂ ಅವು ದಾಖಲೆಯಲ್ಲಿವೆ. ಇಂಥವನ್ನು ನಮ್ಮ ನಾಡಿನಲ್ಲಿ ಹಲವೆಡೆ ಪಾಂಡವರ ಮನೆ, ಮೋರ್ಯರ ಮನೆ ಎಂದು ಕರೆಯುತ್ತಾರೆ. ಪುರಾತತ್ತ್ವಜ್ಞರು ಇವನ್ನು ಬೃಹತ್ ಶಿಲಾ ಸಮಾಧಿಗಳು ಎನ್ನುತ್ತಾರೆ. ಕರ್ನಾಟಕದಲ್ಲಿ ಈ ಸಂಪ್ರದಾಯ ಮುಖ್ಯವಾಗಿ ಕಬ್ಬಿಣ ಯುಗದ್ದು, ಅಂದರೆ ಕ್ರಿ.ಪೂ. 1200ರಿಂದ ಈಚಿನದು.

ಇಷ್ಟು ಭಾರದ ಕಲ್ಲು ಎಳೆದು ತರಬೇಕಾದರೆ ಹತ್ತಾರು ಆಳು ಬೇಕು. ಅಷ್ಟು ಜನರಿಗೆ ದಿನಗಟ್ಟಲೆ ಹೊಟ್ಟೆಗೆ ಹಾಕುವಷ್ಟು ಕಾಳುಕಡಿ ಬೇಕು. ಸತ್ತವರ ಮನೆ ನಮಗೆ ಕಾಣುತ್ತದೆ, ಬದುಕಿದ್ದವರು ಉತ್ತ ಹೊಲ ಕಾಣುವುದಿಲ್ಲ. ಆ ಹೊಲವನ್ನು ಹುಡುಕುವ ವಿದ್ಯೆ ಇದೆ. ಅದಕ್ಕೆ ಗುದ್ದಲಿಗಿಂತ ಹೆಚ್ಚಾಗಿ ಜರಡಿ, ಸೂಕ್ಷ್ಮದರ್ಶಕ, ನಕಾಶೆ, ನಡೆಯುವ ಕಾಲು ಬೇಕು. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ನೆಲವನ್ನು ಮುಂದಿಟ್ಟುಕೊಂಡು ಆ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಹಳೆಯ ಹೊಲ ಏಕೆ ಕಣ್ಣಿಗೆ ಬೀಳುವುದಿಲ್ಲ?

ಹೊಲ ಉಳಿಯಬೇಕಾದರೆ ಉಳುಮೆ ನಿಲ್ಲಬೇಕು, ಮೇಲೆ ಏನಾದರೂ ಮುಚ್ಚಬೇಕು. ಜಗತ್ತಿನಲ್ಲಿ ಅಂಥ ಅದೃಷ್ಟದ ಜಾಗಗಳು ಕಡಿಮೆ. ರಾಜಸ್ಥಾನದ ಕಾಲಿಬಂಗನ್‌ನಲ್ಲಿ 1960ರ ದಶಕದ ಉತ್ಖನನದಲ್ಲಿ ಬಿ.ಬಿ. ಲಾಲ್ ಮತ್ತು ಬಿ.ಕೆ. ಥಾಪರ್ ಅವರ ತಂಡಕ್ಕೆ ಸುಮಾರು ಕ್ರಿ.ಪೂ. 2800ರ ಕಾಲದ ಉತ್ತ ಹೊಲ ಸಿಕ್ಕಿತು. ಪೂರ್ವ-ಪಶ್ಚಿಮವಾಗಿ ಸುಮಾರು 30 ಸೆಂ.ಮೀ. ಅಂತರದ ಸಾಲುಗಳು, ಅವಕ್ಕೆ ಅಡ್ಡಲಾಗಿ ಉತ್ತರ-ದಕ್ಷಿಣವಾಗಿ ಸುಮಾರು 1.9 ಮೀಟರ್ ಅಂತರದ ಸಾಲುಗಳು. ಅದೇ ಭಾಗದ ರೈತರು ಇತ್ತೀಚಿನವರೆಗೂ ಒತ್ತು ಸಾಲಿನಲ್ಲಿ ಹುರುಳಿ, ದೂರ ಸಾಲಿನಲ್ಲಿ ಸಾಸಿವೆ ಬಿತ್ತುತ್ತಿದ್ದುದನ್ನು ನೋಡಿ, ಅಂದಿನವರೂ ಒಂದೇ ಹೊಲದಲ್ಲಿ ಎರಡು ಬೆಳೆ ತೆಗೆದಿರಬೇಕು ಎಂದು ಉತ್ಖನನಕಾರರು ಊಹಿಸಿದರು.

ಐರ್ಲೆಂಡಿನ ಮೇಯೋ ಕೌಂಟಿಯ ಕೇಡ್ಯ ಹೊಲಗಳು ಇನ್ನೊಂದು ಉದಾಹರಣೆ. ಅಲ್ಲಿ ಕಲ್ಲಿನ ಬೇಲಿಗಳ ಮೇಲೆ ಜೌಗು ಮಣ್ಣು ಸಾವಿರಾರು ವರ್ಷ ಬೆಳೆದು ಇಡೀ ಹೊಲದ ವ್ಯವಸ್ಥೆಯನ್ನೇ ಮುಚ್ಚಿಟ್ಟಿತ್ತು. 1930ರ ದಶಕದಲ್ಲಿ ಉರುವಲಿಗಾಗಿ ಆ ಮಣ್ಣು ಕಡಿಯುವಾಗ ಕೆಳಗೆ ಸಾಲುಗಲ್ಲು ಇರುವುದನ್ನು ಪ್ಯಾಟ್ರಿಕ್ ಕಾಲ್‌ಫೀಲ್ಡ್ ಎಂಬ ಶಾಲಾ ಶಿಕ್ಷಕರು ಗಮನಿಸಿದರು. ಮುಂದೆ ಅವರ ಮಗ, ಪುರಾತತ್ತ್ವಜ್ಞ ಶೇಮಸ್ ಕಾಲ್‌ಫೀಲ್ಡ್, ಕಬ್ಬಿಣದ ಸಲಾಕೆಯನ್ನು ಜೌಗಿನೊಳಗೆ ಇಳಿಸಿ ಕಲ್ಲು ತಾಕಿದಲ್ಲೆಲ್ಲ ಗುರುತು ಹಾಕುತ್ತ ಗೋಡೆಗಳ ನಕಾಶೆಯನ್ನೇ ಬರೆದರು.

ನಮ್ಮಲ್ಲಿ ಅಂಥ ಮುಚ್ಚಿಗೆ ಇಲ್ಲ. ಘಟಪ್ರಭಾ ಕೊಳ್ಳದ ಎರೆ ಭೂಮಿ ಬೇಸಿಗೆಯಲ್ಲಿ ಆಳವಾಗಿ ಬಿರಿಯುತ್ತದೆ, ಮಳೆಗೆ ಉಬ್ಬಿ ಕೂಡಿಕೊಳ್ಳುತ್ತದೆ. ಬಿರುಕಿನೊಳಗೆ ಮೇಲಿನ ಮಣ್ಣು, ಕಾಳು, ಮಡಕೆ ಚೂರು ಎಲ್ಲ ಇಳಿಯುತ್ತವೆ. ವರ್ಷ ವರ್ಷವೂ ಹೀಗೆ ನಡೆದು ಸಾಲಿನ ಗುರುತು ಅಳಿಸಿಹೋಗುತ್ತದೆ. ಅದರ ಮೇಲೆ ಸಾವಿರಾರು ವರ್ಷಗಳ ರಂಟೆ, ಕುಂಟೆ, ಈಗ ಟ್ರ್ಯಾಕ್ಟರ್ ಓಡಾಡಿವೆ. ಮುಳ್ಳಿನ ಬೇಲಿ ಹಾಕಿದ್ದರೆ ಅದೂ ಗೆದ್ದಲಿನ ಪಾಲು. ಹಾಗಾಗಿ ದಕ್ಷಿಣ ಭಾರತದಲ್ಲಿ ನವಶಿಲಾಯುಗದ, ಅಂದರೆ ಕಬ್ಬಿಣ ಯುಗಕ್ಕೂ ಮುಂಚೆ ಬೇಸಾಯ ಶುರುವಾದ ಕಾಲದ, ಹೊಲ ಇಡಿಯಾಗಿ ಸಿಗಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲ. ಹೊಲದಿಂದ ಹೊರಬಿದ್ದ ಸಾಕ್ಷಿಗಳನ್ನು ಒಂದೊಂದಾಗಿ ಕೂಡಿಸಿ ಆ ಹೊಲವನ್ನು ಮತ್ತೆ ಕಟ್ಟಿಕೊಳ್ಳಬೇಕು.

ಮೊದಲ ಹೆಜ್ಜೆ: ನೆಲದ ಗುಣ ತಿಳಿಯುವುದು

ಈ ಮೂರು ತಾಲ್ಲೂಕುಗಳ ನೆಲ ಒಂದೇ ಬಗೆಯದಲ್ಲ. ಗೋಕಾಕ ಜಲಪಾತದ ಸುತ್ತ ಕಲಾದಗಿ ಶ್ರೇಣಿಯ ಗಡಸು ಮರಳುಗಲ್ಲು, ಬೆಣಚುಕಲ್ಲಿನ ಗುಡ್ಡಗಳಿವೆ. ಘಟಪ್ರಭಾ ನದಿ ಆ ಬಂಡೆಯ ಮೇಲಿಂದಲೇ ಸುಮಾರು 52 ಮೀಟರ್ ಕೆಳಗೆ ಧುಮುಕುತ್ತದೆ. ಉತ್ತರಕ್ಕೂ ಪಶ್ಚಿಮಕ್ಕೂ ಸಾಗಿದರೆ ದಖ್ಖನ್ನಿನ ಕರಿಗಲ್ಲು ಹಾಸು. ಗುಡ್ಡದ ಬುಡದಲ್ಲಿ ಮಸಾರಿ, ಹೊಳೆಯ ಕಡೆ ಎರೆ. ಹುಕ್ಕೇರಿ ಕಡೆ ಮಳೆ ತುಸು ಹೆಚ್ಚು, ಮೂಡಲಗಿ ಕಡೆ ಕಡಿಮೆ.

ಕಬ್ಬಿಣದ ಕುಳ ಇಲ್ಲದ ಕಾಲದ ರೈತ ಯಾವ ನೆಲ ಆರಿಸಿಕೊಂಡಾನು? ಕೈಗುದ್ದಲಿಗೆ, ತೂಕದ ಕಲ್ಲುಬಳೆ ಸಿಕ್ಕಿಸಿದ ಅಗೆಗೋಲಿಗೆ ಹಗುರವಾದ ಮಸಾರಿ ಮಣ್ಣು ಬಗ್ಗುತ್ತದೆ, ಗಟ್ಟಿ ಎರೆ ಬಗ್ಗುವುದಿಲ್ಲ. ಕರ್ನಾಟಕದಲ್ಲಿ ಇದುವರೆಗೆ ಅಗೆದ ಆ ಕಾಲದ ಮುಖ್ಯ ನೆಲೆಗಳಾದ ಬಳ್ಳಾರಿಯ ಸಂಗನಕಲ್ಲು, ತೆಕ್ಕಲಕೋಟೆ, ರಾಯಚೂರು ಜಿಲ್ಲೆಯ ಪಿಕ್ಲಿಹಾಳ, ಮಸ್ಕಿ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಇವೆಲ್ಲ ಗುಡ್ಡದ ಮೇಲೆ ಅಥವಾ ಗುಡ್ಡದ ಬುಡದಲ್ಲಿಯೇ ಇವೆ. ನಮ್ಮ ಸೀಮೆಯ ಪಕ್ಕದಲ್ಲೇ, ಬಾಗಲಕೋಟೆ ಜಿಲ್ಲೆಯ ತೇರದಾಳದಲ್ಲಿ ನವಶಿಲಾಯುಗದ ನೆಲೆ ಗುರುತಾಗಿದೆ. ಘಟಪ್ರಭೆಯ ದಂಡೆಯಲ್ಲೇ ಕೆಳಗೆ ಅನಗವಾಡಿಯಲ್ಲಿ ಆರ್.ಎಸ್. ಪಪ್ಪು ಅವರು ಅಧ್ಯಯನ ಮಾಡಿದ ಹಳೆ ಶಿಲಾಯುಗದ ಆಯುಧಗಳ ನೆಲೆ ಇದೆ. ಬೇಸಾಯ ಶುರುವಾಗುವುದಕ್ಕೆ ಬಹಳ ಮುಂಚಿನಿಂದಲೂ ಜನ ಈ ಹೊಳೆಯ ಗುಂಟ ಬದುಕಿದ್ದಾರೆ.

ಆದ್ದರಿಂದ ಹುಡುಕುವವರು ಮೊದಲು ಗುರುತು ಹಾಕಿಕೊಳ್ಳುವುದು ಗುಡ್ಡದ ಬುಡ, ಹಳ್ಳದ ದಂಡೆ, ಮಸಾರಿಯೂ ಎರೆಯೂ ಕೂಡುವ ಅಂಚು. ಉಪಗ್ರಹ ಚಿತ್ರಗಳೂ ಇದಕ್ಕೆ ನೆರವಾಗುತ್ತವೆ. ಅಮೆರಿಕದ ಕರೋನಾ ಬೇಹು ಉಪಗ್ರಹಗಳು 1960ರಿಂದ 1972ರವರೆಗೆ ತೆಗೆದ ಚಿತ್ರಗಳು 1995ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡವು. ಹಿಡಕಲ್ ಜಲಾಶಯ ಮುಳುಗಿಸಿದ ನೆಲ, ಜೆಸಿಬಿ ಬರುವ ಮುಂಚಿನ ದಿಬ್ಬಗಳು, ಕಾಲುವೆ ನೀರು ಹರಡುವ ಮೊದಲಿನ ಹೊಲಗಳನ್ನು ನೋಡಲು ಅಂಥ ಹಳೆಯ ಚಿತ್ರಗಳೇ ದಾರಿ.

ಎರಡನೆಯ ಹೆಜ್ಜೆ: ಸಾಲಾಗಿ ನಡೆಯುವುದು

ರಾಶಿ ಮುಗಿದು, ಹೊಲ ಹರಗಿ, ಬಿತ್ತನೆಗೆ ಕಾಯುವ ಏಪ್ರಿಲ್-ಮೇ ತಿಂಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದ ಕಾಲ. ಐದಾರು ಜನ ಹತ್ತು-ಹದಿನೈದು ಮೀಟರ್ ಅಂತರದಲ್ಲಿ ಸಾಲಾಗಿ ನಿಂತು, ನೆಲ ನೋಡುತ್ತ ನೇರವಾಗಿ ನಡೆಯುತ್ತಾರೆ. ಕಂಡ ಮಡಕೆ ಚೂರು, ಕಲ್ಲಿನ ಚಕ್ಕೆ, ಬೀಸುಕಲ್ಲಿನ ತುಂಡು, ನಯಗೊಳಿಸಿದ ಕಲ್ಲುಕೊಡಲಿ ಎಲ್ಲವನ್ನೂ ಎಣಿಸಿ, ಜಿಪಿಎಸ್‌ನಲ್ಲಿ ಜಾಗ ಗುರುತಿಸಿ ಬರೆದುಕೊಳ್ಳುತ್ತಾರೆ. ಕೈಯಿಂದ ಮಾಡಿ ಉಜ್ಜಿದ ಬೂದುಬಣ್ಣದ ಚೂರಾದರೆ ನವಶಿಲಾಯುಗದ ಕಡೆ ಬೆರಳು ತೋರಿಸುತ್ತದೆ. ಒಂದು ಬದಿ ಕಪ್ಪು, ಒಂದು ಬದಿ ಕೆಂಪು ಇರುವ ಚೂರು ಕಬ್ಬಿಣ ಯುಗದವರದು. ಚೂರುಗಳ ಕಾಲ ಗುರುತಿಸಿ ನಕಾಶೆಯ ಮೇಲೆ ಚುಕ್ಕಿ ಇಟ್ಟಾಗ ಊರಿದ್ದ ಜಾಗ ದಟ್ಟವಾಗಿ ಕಾಣುತ್ತದೆ.

ಊರಿನಿಂದ ದೂರ, ಹೊಲಗಳಲ್ಲಿ ತೆಳ್ಳಗೆ ಹರಡಿದ ಚೂರುಗಳೂ ಇರುತ್ತವೆ. ಹೊಲದ ಇತಿಹಾಸಕ್ಕೆ ಇವೇ ಬಹು ಮುಖ್ಯ. ಮನೆಯ ಕಸ, ಒಡೆದ ಮಡಕೆ, ಒಲೆಯ ಬೂದಿ, ಕೊಟ್ಟಿಗೆಯ ಸಗಣಿ ಎಲ್ಲ ತಿಪ್ಪೆ ಸೇರುತ್ತವೆ. ತಿಪ್ಪೆಗೊಬ್ಬರ ಹೊಲಕ್ಕೆ ಹೋಗುವಾಗ ಚೂರುಗಳೂ ಜೊತೆಗೆ ಹೋಗುತ್ತವೆ. ಗೊಬ್ಬರ ಕರಗುತ್ತದೆ, ಚೂರು ಉಳಿಯುತ್ತದೆ. ಯಾವ ಕಾಲದ ಚೂರು ಊರಿನಿಂದ ಎಷ್ಟು ದೂರ ತೆಳ್ಳಗೆ ಹರಡಿದೆ ಎಂದು ಅಳೆದರೆ, ಆ ಕಾಲದಲ್ಲಿ ಗೊಬ್ಬರ ಹಾಕಿ ಬೆಳೆಯುತ್ತಿದ್ದ ಹೊಲಗಳ ಹರವು ಸುಮಾರಾಗಿ ತಿಳಿಯುತ್ತದೆ. ಪಶ್ಚಿಮ ಏಷ್ಯಾದಲ್ಲಿ ಪುರಾತತ್ತ್ವಜ್ಞ ಟೋನಿ ವಿಲ್ಕಿನ್ಸನ್ ಈ ವಿಧಾನವನ್ನು ಬೆಳೆಸಿದರು. ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಕೆರೆಯ ಹೂಳು, ಹಾಳೂರಿನ ಮಣ್ಣು ಹೊಲಕ್ಕೆ ಹೊಡೆಯುವ ರೂಢಿ ನಮ್ಮಲ್ಲಿದೆ. ಹಾಗೆ ಬಂದ ಚೂರು ಆ ಹೊಲದ್ದಲ್ಲ. ಇದನ್ನು ಹೇಳಬಲ್ಲವರು ಆ ಹೊಲದ ಹಿರಿಯರೇ. ಅವರನ್ನು ಕೇಳದೆ ಮಾಡಿದ ಸಮೀಕ್ಷೆ ದಾರಿ ತಪ್ಪುತ್ತದೆ.

ಮೂರನೆಯ ಹೆಜ್ಜೆ: ಒಡ್ಡಿನ ವಯಸ್ಸು ತಿಳಿಯುವುದು

ಹಳೆಯ ಕಲ್ಲು ಒಡ್ಡು ಕಂಡ ಕೂಡಲೇ ಅದು ಪ್ರಾಚೀನ ಎಂದು ಸಂಭ್ರಮಿಸುವಂತಿಲ್ಲ. ಈ ತಾಲ್ಲೂಕುಗಳಿರುವ ಬೆಳಗಾವಿ ಜಿಲ್ಲೆ ಬ್ರಿಟಿಷರ ಕಾಲದಲ್ಲಿ ಮುಂಬಯಿ ಪ್ರಾಂತ್ಯದಲ್ಲಿತ್ತು. 1942ರ ಮುಂಬಯಿ ಭೂ ಸುಧಾರಣಾ ಯೋಜನೆಗಳ ಕಾಯ್ದೆಯ ನಂತರ ಈ ಭಾಗದ ಬರಗಾಲದ ಸೀಮೆಗಳಲ್ಲಿ ಸಮಪಾತಳಿ ಒಡ್ಡುಗಳನ್ನು ದೊಡ್ಡ ಪ್ರಮಾಣದಲ್ಲಿ ಹಾಕಲಾಯಿತು. ಅದಕ್ಕೂ ಮುಂಚೆ 19ನೇ ಶತಮಾನದ ಸರ್ವೆಯಲ್ಲಿ ಹೊಲಗಳಿಗೆ ಗಡಿ, ನಂಬರು ಬಿದ್ದವು. ಘಟಪ್ರಭೆಯ ಮೇಲಿನ ಧೂಪದಾಳದ ಅಣೆಕಟ್ಟು 1897ರಲ್ಲಿ ಮುಗಿದ ಮೇಲೆ ಕಾಲುವೆಗೆ ತಕ್ಕಂತೆ ಹೊಲಗಳ ಆಕಾರವೇ ಬದಲಾಯಿತು.

ಹಾಗಾಗಿ ಮೊದಲು ಗ್ರಾಮ ನಕಾಶೆ ತೆಗೆದು ನೋಡುತ್ತಾರೆ. ಸರ್ವೆ ನಂಬರಿನ ಗಡಿಗೆ ಸರಿಯಾಗಿ ಕೂತ ಬದು ಬಹುಪಾಲು ಈಚಿನದು. ಗಡಿಯನ್ನು ಲೆಕ್ಕಿಸದೆ ಓರೆಯಾಗಿ ಹಾಯ್ದು ಹೋದ, ಹೊಸ ಬದುವಿನ ಅಡಿಗೆ ನುಗ್ಗಿದ, ಮಣ್ಣಿನಲ್ಲಿ ಅರ್ಧ ಹೂತ, ಕಲ್ಲಿನ ಮೈ ಪಾಚಿ ಹಿಡಿದು ಕಂದಿದ ಕಟ್ಟು ಕಂಡರೆ ಅದಕ್ಕೆ ಅಡ್ಡಲಾಗಿ ಒಂದು ಕಿರಿದಾದ ಗುಂಡಿ ತೋಡುತ್ತಾರೆ. ಒಡ್ಡಿನ ಬುಡದ ಕೆಳಗೆ ಸಿಕ್ಕ ಚೂರು ಒಡ್ಡಿಗಿಂತ ಹಳೆಯದು. ಒಡ್ಡಿನ ಹಿಂದೆ ನಿಂತ ಹೂಳಿನಲ್ಲಿ ಸಿಕ್ಕಿದ್ದು ಒಡ್ಡು ಕಟ್ಟಿದ ಮೇಲೆ ಅಲ್ಲಿಗೆ ಬಂದದ್ದು. ಹೂಳಿನ ಮರಳಕಣ ಕೊನೆಯ ಸಲ ಬಿಸಿಲು ಕಂಡದ್ದು ಯಾವಾಗ ಎಂದು ಪ್ರಯೋಗಾಲಯದಲ್ಲಿ ಅಳೆಯುವ ವಿಧಾನವೂ ಇದೆ. ಅದಕ್ಕೆ ಮಾದರಿಯನ್ನು ಬೆಳಕು ತಾಕದ ಹಾಗೆ ಕೊಳವೆಯಲ್ಲಿ ತೆಗೆಯಬೇಕು.

ಕೊಪ್ಪಳ-ಬಳ್ಳಾರಿ ಭಾಗದಲ್ಲಿ ಕ್ಯಾಥ್ಲೀನ್ ಮಾರಿಸನ್, ಆಂಡ್ರ್ಯೂ ಬಾವರ್ ಮುಂತಾದವರ ಸಮೀಕ್ಷೆಗಳು ಇಂಥ ಕೆಲಸದ ಫಲ ತೋರಿಸಿವೆ. ಕಬ್ಬಿಣ ಯುಗದ ಜನ ಇಳಿಜಾರಿನಲ್ಲಿ ಮಣ್ಣು ತಡೆಯುವ ಕಲ್ಲುಕಟ್ಟು, ಸಣ್ಣ ಒಡ್ಡು, ಬಂಡೆಯ ತಗ್ಗಿನಲ್ಲಿ ನೀರು ನಿಲ್ಲಿಸುವ ಕಟ್ಟೆ ಮಾಡಿದ್ದರು. ಹಿರೇಬೆಣಕಲ್‌ನಲ್ಲಿ ನಾನೂರಕ್ಕೂ ಹೆಚ್ಚು ಸಮಾಧಿಗಳ ನಡುವೆಯೇ ನೀರಿನ ಹೊಂಡವಿದೆ. ಪುಣೆ ಜಿಲ್ಲೆಯ ಇನಾಮಗಾಂವ್‌ನಲ್ಲಿ ಡೆಕ್ಕನ್ ಕಾಲೇಜಿನವರು ಇನ್ನೂ ಹಳೆಯದಾದ, ಕ್ರಿ.ಪೂ. ಎರಡನೆಯ ಸಹಸ್ರಮಾನದ ಕಾಲುವೆ ಮತ್ತು ಒಡ್ಡನ್ನು ಅಗೆದು ತೆಗೆದಿದ್ದಾರೆ. ಕೊಣ್ಣೂರಿನಂಥ ಸಮಾಧಿ ನೆಲೆಯ ಸುತ್ತ ಹೊಲ ಹುಡುಕುವವರು ಗೋರಿಗಿಂತ ಮುಂಚೆ ಅದರ ಪಕ್ಕದ ಇಳಿಜಾರು, ಹಳ್ಳ ನೋಡಬೇಕು ಎಂಬುದು ಈ ಕೆಲಸಗಳಿಂದ ಸಿಗುವ ಪಾಠ.

ನಾಲ್ಕನೆಯ ಹೆಜ್ಜೆ: ಕಾಳು ತೇಲಿಸುವುದು

ಹೊಲದಲ್ಲಿ ಬೆಳೆದದ್ದು ಊರಿಗೆ ಬರುತ್ತದೆ. ಒಲೆಯ ಪಕ್ಕ, ಕಾಳು ಹುಗಿದಿಟ್ಟ ಹಗೇವಿನಲ್ಲಿ, ಕಣದ ಅಂಚಿನಲ್ಲಿ ಒಂದಿಷ್ಟು ಕಾಳು ಸುಟ್ಟು ಇದ್ದಿಲಾಗುತ್ತದೆ. ಹಸಿ ಕಾಳು ಕೊಳೆಯುತ್ತದೆ, ಹುಳು ತಿನ್ನುತ್ತದೆ. ಇದ್ದಿಲಾದ ಕಾಳನ್ನು ಯಾವ ಹುಳವೂ ಮುಟ್ಟುವುದಿಲ್ಲ. ಅದು ಸಾವಿರಾರು ವರ್ಷ ಹಾಗೇ ಇರುತ್ತದೆ.

ಅದನ್ನು ತೆಗೆಯುವ ವಿಧಾನ ಸರಳ. ಪದರದ ಮಣ್ಣನ್ನು ಲೀಟರಿನ ಲೆಕ್ಕದಲ್ಲಿ ಅಳೆದು, ನೀರು ತುಂಬಿದ ಬಕೆಟ್ಟಿಗೆ ಹಾಕಿ ಮೆಲ್ಲಗೆ ಕಲಕುತ್ತಾರೆ. ಅಕ್ಕಿ ತೊಳೆಯುವಾಗ ಜಳ್ಳು ಮೇಲೆ ಬರುವ ಹಾಗೆ ಇದ್ದಿಲಾದ ಕಾಳು, ಹೊಟ್ಟು, ಕಳೆಬೀಜ ತೇಲುತ್ತವೆ. ಆ ತೇಲಿದ್ದನ್ನು ಅರ್ಧ ಮಿಲಿಮೀಟರಿಗಿಂತ ಸಣ್ಣ ಕಣ್ಣಿನ ಜಾಳಿಗೆಗೆ ಸುರಿದು, ನೆರಳಲ್ಲಿ ಒಣಗಿಸಿ, ಸೂಕ್ಷ್ಮದರ್ಶಕದಡಿ ಒಂದೊಂದೇ ಕಾಳನ್ನು ಇಂದಿನ ಕಾಳಿನ ಜೊತೆ ಹೋಲಿಸುತ್ತಾರೆ. ಬಿಸಿಲಲ್ಲಿ ಒಣಗಿಸಿದರೆ ಕಾಳು ಬಿರಿದು ಪುಡಿಯಾಗುತ್ತದೆ.

1990ರ ದಶಕದ ಕೊನೆಯಿಂದ ಸಸ್ಯಶೇಷಗಳ ತಜ್ಞ ಡೋರಿಯನ್ ಫುಲ್ಲರ್, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಅವರ ಸಂಗಡಿಗರು ಸಂಗನಕಲ್ಲು, ಹಳ್ಳೂರು ಮೊದಲಾದ ನೆಲೆಗಳ ಮಣ್ಣನ್ನು ಹೀಗೆ ತೇಲಿಸಿದರು. ಈ ಹಳ್ಳೂರು ಹಾವೇರಿ ಜಿಲ್ಲೆಯ ತುಂಗಭದ್ರಾ ದಂಡೆಯದು, ಮೂಡಲಗಿ ತಾಲ್ಲೂಕಿನ ಅದೇ ಹೆಸರಿನ ಊರಲ್ಲ. ಅಲ್ಲಿ 1965ರಲ್ಲಿ ಎಂ.ಎಸ್. ನಾಗರಾಜರಾವ್ ಉತ್ಖನನ ಮಾಡಿದ್ದರು. ತೇಲಿಸಿದ ಮಣ್ಣಿನಲ್ಲಿ ಮತ್ತೆ ಮತ್ತೆ ಸಿಕ್ಕಿದ್ದು ನಾಲ್ಕು ಬೆಳೆ: ಕೊರಲೆ, ನವಣೆಯ ಹತ್ತಿರದ ಸಂಬಂಧಿಯಾದ ಬಟ್ಟೆಗೆ ಅಂಟುವ ತೆನೆಯ ಒಂದು ಹುಲ್ಲುಧಾನ್ಯ, ಹುರುಳಿ ಮತ್ತು ಹೆಸರು. ನಾಲ್ಕೂ ಮುಂಗಾರಿನ ಬೆಳೆಗಳು, ಮಳೆಯನ್ನೇ ನಂಬಿದವು. ಗೋದಿ, ಬಾರ್ಲಿ ನಂತರ ಬಂದವು. ಅವು ಚಳಿಗಾಲದ ಬೆಳೆ, ಮುಂಗಾರಿನ ನಾಲ್ಕರಷ್ಟು ಎಲ್ಲೆಡೆ ಕಾಣುವುದಿಲ್ಲ.

ನಾವು ಉತ್ತರ ಕರ್ನಾಟಕದವರು ನಮ್ಮ ಮೂಲ ಧಾನ್ಯ ಎಂದು ಎದೆಗೆ ಒತ್ತಿಕೊಂಡಿರುವ ಜೋಳ, ಸಜ್ಜೆ ಎರಡೂ ಆಫ್ರಿಕಾದಿಂದ ಬಂದ ಬೆಳೆಗಳು. ಅವರೆಯೂ ಅಲ್ಲಿಂದಲೇ ಬಂದದ್ದು. ಈ ನೆಲದ ಮೊದಲ ರೈತನ ಬುತ್ತಿಯಲ್ಲಿ ಜೋಳದ ರೊಟ್ಟಿ ಇರಲಿಲ್ಲ. ಇಂದು ಸಿರಿಧಾನ್ಯವೆಂದು ಮತ್ತೆ ಬೆಲೆ ಕಂಡಿರುವ ಕೊರಲೆ ಅವನ ಮುಖ್ಯ ಕಾಳಾಗಿತ್ತು.

ಕಾಳಿನ ಜೊತೆ ಬರುವ ಕಳೆಬೀಜವೂ ಸಾಕ್ಷಿ ಹೇಳುತ್ತದೆ. ನೀರು ನಿಂತ ಜಾಗದ ಕಳೆ, ಒಣ ಹೊಲದ ಕಳೆ ಬೇರೆ ಬೇರೆ. ಕಾಳಿಗಿಂತ ಹೊಟ್ಟು ಹೆಚ್ಚಿದ್ದರೆ ಒಕ್ಕಣೆ ಊರಲ್ಲೇ ನಡೆದಿದೆ ಎಂದರ್ಥ. ಕಾಳು ಸುಡದೆ ಹೋದಲ್ಲಿಯೂ ಹುಲ್ಲಿನ ಜಾತಿಯ ಗಿಡಗಳ ಎಲೆ-ಕಾಂಡದಲ್ಲಿ ಮಣ್ಣಿನಿಂದ ಹೀರಿದ ಸಿಲಿಕಾ ಕಣಗಳು ಉಳಿಯುತ್ತವೆ, ಅವುಗಳ ಆಕಾರ ನೋಡಿ ಗಿಡದ ಗುಂಪು ಹೇಳಬಹುದು. ತೆನೆ ಕೊಯ್ದ ಕಲ್ಲಿನ ಅಲಗಿನ ಅಂಚು ಸಹ ಕೊಯ್ಯುತ್ತ ಕೊಯ್ಯುತ್ತ ಹೊಳಪು ಪಡೆದಿರುತ್ತದೆ.

ಐದನೆಯ ಹೆಜ್ಜೆ: ಕಾಲ ಗೊತ್ತುಮಾಡುವುದು

ಜೀವಿ ಸತ್ತ ಮೇಲೆ ಅದರಲ್ಲಿರುವ ವಿಕಿರಣಶೀಲ ಇಂಗಾಲ-14 ಸುಮಾರು 5730 ವರ್ಷಕ್ಕೊಮ್ಮೆ ಅರ್ಧವಾಗುತ್ತ ಹೋಗುತ್ತದೆ. ಉಳಿದದ್ದನ್ನು ಅಳೆದರೆ ವಯಸ್ಸು ತಿಳಿಯುತ್ತದೆ. ಹಿಂದೆ ಇದಕ್ಕೆ ಹಿಡಿಗಟ್ಟಲೆ ಇದ್ದಿಲು ಬೇಕಿತ್ತು. ಈಗಿನ ವೇಗವರ್ಧಕ ಯಂತ್ರಗಳಿಗೆ ಕೆಲವೇ ಮಿಲಿಗ್ರಾಂ ಸಾಕು, ಒಂದು ಹುರುಳಿ ಕಾಳಾದರೂ ಸರಿ. ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದಲ್ಲಿ ಅಂಥ ಸೌಲಭ್ಯವಿದೆ.

ಕಾಳನ್ನೇ ಅಳೆಯಬೇಕು ಎಂದು ಒತ್ತಿ ಹೇಳಲು ಎರಡು ಕಾರಣ. ಮರದ ಇದ್ದಿಲು ನೂರು ವರ್ಷದ ಮರದ ತಿರುಳಿನದಾಗಿದ್ದರೆ ಲೆಕ್ಕ ಅಷ್ಟು ಹಿಂದಕ್ಕೆ ಹೋಗುತ್ತದೆ. ಕಾಳು ಒಂದೇ ವರ್ಷದ ಬೆಳೆ. ಎರಡನೆಯದು, ನಮ್ಮ ಎರೆ ಭೂಮಿಯ ಬಿರುಕು. ಪ್ರಾಚೀನ ಪದರದಲ್ಲಿ ಗೋವಿನಜೋಳವೋ ಶೇಂಗಾವೋ ಸಿಕ್ಕರೆ ಅದು ಬಿರುಕಿನಿಂದಲೋ ಇಲಿಯ ಬಿಲದಿಂದಲೋ ಇಳಿದದ್ದು ಎಂದು ಕೂಡಲೇ ಗೊತ್ತಾಗುತ್ತದೆ, ಏಕೆಂದರೆ ಅವು ಅಮೆರಿಕ ಖಂಡದ ಬೆಳೆಗಳು, ಭಾರತಕ್ಕೆ ಬಂದದ್ದು ಪೋರ್ಚುಗೀಸರ ಕಾಲದಿಂದ ಈಚೆಗೆ. ಆದರೆ ಈಚಿನ ಹುರುಳಿ ಇಳಿದಿದ್ದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಅದಕ್ಕೇ ಆ ಕಾಳಿನ ವಯಸ್ಸನ್ನೇ ಅಳೆಯಬೇಕು. ಹಳ್ಳೂರಿನಲ್ಲಿ ಬಹಳ ಹಳೆಯ ರಾಗಿ ಸಿಕ್ಕಿದೆ ಎಂದು ಮೊದಲು ಪ್ರಕಟವಾದದ್ದನ್ನು ನಂತರದ ಪರಿಶೀಲನೆ ಪ್ರಶ್ನಿಸಿತು. ಇಂಥ ತಿದ್ದುಪಡಿಗಳಿಂದಲೇ ಈ ವಿದ್ಯೆ ನಂಬಿಕೆಗೆ ಅರ್ಹವಾಗಿದೆ.

ದನ ಮರೆತರೆ ಹೊಲ ತಿಳಿಯದು

ದಕ್ಷಿಣದ ನವಶಿಲಾಯುಗ ಸುಮಾರು ಕ್ರಿ.ಪೂ. 3000ದಿಂದ 1200ರವರೆಗಿನದು. ಅದರ ಆರಂಭದ ಜನ ಮೊದಲು ದನಗಾರರು. ಬಳ್ಳಾರಿ, ರಾಯಚೂರು, ಯಾದಗಿರಿ ಕಡೆಯ ಬೂದಿದಿಬ್ಬಗಳೇ ಇದಕ್ಕೆ ಸಾಕ್ಷಿ. ಅವು ಸುಟ್ಟ ಸಗಣಿಯವು ಎಂದು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ಗ್ರಹಿಸಿದ್ದರು. ಈಗಿನ ತೆಲಂಗಾಣದ ಉತ್ನೂರಿನಲ್ಲಿ ಎಫ್.ಆರ್. ಆಲ್ಚಿನ್ 1957ರಲ್ಲಿ ಅಗೆದಾಗ ದನದ ದೊಡ್ಡಿಯ ಕಂಬಗುಳಿಗಳೂ ಗೊರಸಿನ ಗುರುತುಗಳೂ ಸಿಕ್ಕಿ ಅದು ಖಚಿತವಾಯಿತು. ಮುಂದೆ ಯಾದಗಿರಿ ಕಡೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯ ಅವರು ಬೂದಿದಿಬ್ಬದ ಜೊತೆಗೇ ಜನವಸತಿ ಇದ್ದುದನ್ನು ತೋರಿಸಿದರು.

ಗೊಬ್ಬರವಾಗಬೇಕಾದ ಸಗಣಿಯನ್ನು ಅಷ್ಟು ಪ್ರಮಾಣದಲ್ಲಿ ರಾಶಿ ಹಾಕಿ ಸುಟ್ಟರೆಂದರೆ ಅಂದಿನ ಹೊಲ ಇಂದಿನ ಹಾಗೆ ಗೊಬ್ಬರಕ್ಕೆ ಹಸಿದಿರಲಿಲ್ಲ ಎಂದು ತಿಳಿಯಬಹುದು. ಹೊಲ ಸಣ್ಣದು, ಬೀಳು ಬಿಡಲು ನೆಲ ಬೇಕಾದಷ್ಟು. ದೊಡ್ಡಿ ಎಲ್ಲಿತ್ತು ಎಂದು ತಿಳಿಯಲು ಮಣ್ಣಿನ ರಂಜಕ ಅಳೆಯುತ್ತಾರೆ, ಸಗಣಿ ಬಿದ್ದ ನೆಲದಲ್ಲಿ ಅದು ಹೆಚ್ಚು. ಮಣ್ಣಿನ ಗಡ್ಡೆಗೆ ರಾಳ ಕುಡಿಸಿ ಗಟ್ಟಿ ಮಾಡಿ, 0.03 ಮಿ.ಮೀ. ತೆಳುವಿಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತುಳಿದ ನೆಲ, ಉತ್ತ ನೆಲ, ಬೀಳು ನೆಲ ಬೇರೆ ಬೇರೆಯಾಗಿ ಕಾಣುತ್ತವೆ.

ಇದೆಲ್ಲ ಕೂಡಿಸಿದಾಗ ಒಂದು ಚಿತ್ರ ಮೂಡುತ್ತದೆ. ಗುಡ್ಡದ ಬುಡದಲ್ಲಿ ಊರು, ಹತ್ತಿರವೇ ದೊಡ್ಡಿ, ಸುತ್ತ ಮಸಾರಿಯ ತುಂಡು ಹೊಲಗಳಲ್ಲಿ ಮುಂಗಾರಿಗೆ ಕೊರಲೆ, ಹುರುಳಿ, ಹೆಸರು. ಮುಂದೆ ಕಬ್ಬಿಣದ ಕಾಲದಲ್ಲಿ ಇಳಿಜಾರಿಗೆ ಕಲ್ಲುಕಟ್ಟು, ನೀರಿನ ಹೊಂಡ.

ರೈತರು ಮಾಡಬಹುದಾದದ್ದು

ಇಂದು ಈ ಸಾಕ್ಷಿಗಳಿಗೆ ದೊಡ್ಡ ಅಪಾಯ ಜೆಸಿಬಿ. ಕಬ್ಬಿಗೆ ನೀರು ಸಮನಾಗಿ ಹರಿಯಲೆಂದು ದಿಬ್ಬ ಕಡಿದು ಹೊಲ ಮಟ್ಟ ಮಾಡುವಾಗ ಮೂರು-ನಾಲ್ಕು ಸಾವಿರ ವರ್ಷದ ಪದರ ಒಂದೇ ದಿನಕ್ಕೆ ಹೋಗುತ್ತದೆ. ಹೊಲ ಮಟ್ಟ ಮಾಡಬೇಡಿ ಎಂದು ರೈತನಿಗೆ ಹೇಳುವುದು ನ್ಯಾಯವಲ್ಲ. ಮಾಡುವ ಮುಂಚೆ ಒಂದಿಷ್ಟು ನೋಡಿ ಎಂದಷ್ಟೇ ಕೇಳಬಹುದು.

ಬೂದಿಬಣ್ಣದ ಮಣ್ಣು, ದಟ್ಟವಾದ ಮಡಕೆ ಚೂರು, ನಯವಾದ ಕಲ್ಲುಕೊಡಲಿ, ಬಂಡೆಯ ಮೇಲೆ ಅರೆದ ಗುಳಿ, ಚಪ್ಪಡಿ ಗೋರಿ ಕಂಡರೆ ಕೀಳಬೇಡಿ. ಇದ್ದಲ್ಲೇ ಅಳತೆಗೆ ಒಂದು ಕೋಲಿಟ್ಟು ಮೊಬೈಲಿನಲ್ಲಿ ಫೋಟೊ ತೆಗೆಯಿರಿ, ಸರ್ವೆ ನಂಬರು ಬರೆದಿಡಿ. ರಾಜ್ಯ ಪುರಾತತ್ತ್ವ ಇಲಾಖೆಗೆ, ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ಧಾರವಾಡ ವಲಯಕ್ಕೆ ಅಥವಾ ಕರ್ನಾಟಕ ವಿಶ್ವವಿದ್ಯಾಲಯದ ಪುರಾತತ್ತ್ವ ವಿಭಾಗಕ್ಕೆ ತಿಳಿಸಿ. ನಿಧಿಯ ಆಸೆಗೆ ಗೋರಿ ಅಗೆಯುವವರನ್ನು ತಡೆಯಿರಿ. ಆ ಗೋರಿಗಳಲ್ಲಿ ಸಾಮಾನ್ಯವಾಗಿ ಇರುವುದು ಮೂಳೆ, ಮಡಕೆ, ಕಬ್ಬಿಣದ ಸಾಮಾನು.

ಹೊಲ ಕಳೆದುಕೊಳ್ಳುವ ಭಯ ಹಲವರ ಬಾಯಿ ಕಟ್ಟುತ್ತದೆ. ಮಡಕೆ ಚೂರು ಸಿಕ್ಕಿತೆಂದು ತಿಳಿಸಿದ ಮಾತ್ರಕ್ಕೆ ಹೊಲದ ಒಡೆತನ ಹೋಗುವುದಿಲ್ಲ. 1958ರ ಕೇಂದ್ರ ಕಾಯ್ದೆಯಡಿ ಒಂದು ಜಾಗವನ್ನು ರಾಷ್ಟ್ರೀಯ ಮಹತ್ವದ್ದೆಂದು ಘೋಷಿಸಬೇಕಾದರೆ ಸರ್ಕಾರ ಎರಡು ತಿಂಗಳ ಮುಂಚಿತ ನೋಟಿಸ್ ಕೊಟ್ಟು ಆಕ್ಷೇಪಣೆ ಕೇಳಲೇಬೇಕು. ಶಾಲಾ ಶಿಕ್ಷಕರು ಬೇಸಿಗೆಯಲ್ಲಿ ಮಕ್ಕಳನ್ನು ಕರೆದುಕೊಂಡು ತಮ್ಮೂರಿನ ಹಾಳೂರು, ದಿಬ್ಬ, ಹಳೆಯ ಒಡ್ಡುಗಳ ಪಟ್ಟಿ ಮಾಡಿದರೆ ಅದೇ ದೊಡ್ಡ ದಾಖಲೆಯಾಗುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿಯ ಬೇಸಾಯದ ಮೊದಲ ಅಧ್ಯಾಯ ಬರೆಯಲು ಬೇಕಾದ ಸಾಕ್ಷಿ ಇರುವುದು ರೈತರ ಹೊಲದಲ್ಲೇ. ಈ ಬೇಸಿಗೆ ಹೊಲ ಮಟ್ಟ ಮಾಡಿಸುವ ಮುಂಚೆ ಒಂದು ಸುತ್ತು ನಡೆದು ನೋಡಿ, ಕಂಡದ್ದನ್ನು ತಿಳಿಸಿ.